ಕಿವಿಯಲ್ಲಿ ಕೇಳುತ್ತಿಲ್ಲ ಅಂದರೆ ಏನು ಕೇಳುತ್ತಿಲ್ಲ? ಇಂಟರ್‌ಕಾಮ್, ಐಎಫ್‌ಬಿ ದೋಷ ಹುಡುಕುವ ಬಗೆ

ಬದಿಯಡ್ಕದಿಂದ ಸ್ವಲ್ಪ ಒಳಗೆ, ಕೊಯ್ಲು ಮುಗಿದ ಒಂದು ಗದ್ದೆ. ಬಯಲಾಟದ ನೇರಪ್ರಸಾರಕ್ಕೆ ನಾಲ್ಕು ಕ್ಯಾಮೆರಾ ಹಾಕಿದ್ದೆವು. ರಂಗಸ್ಥಳದ ಬದಿಯಲ್ಲಿ ನಿರೂಪಕಿ ನಿಂತಿದ್ದರು, ವೇಷ ಕಟ್ಟುವ ಚೌಕಿಯ ಹಿಂದಿನ ಶಾಮಿಯಾನದಲ್ಲಿ ನಮ್ಮ ಮೇಜು. ಇನ್ನು ಹತ್ತು ನಿಮಿಷ ಇದೆ ಅನ್ನುವಾಗ ನಿರೂಪಕಿ ಕಿವಿ ಮುಟ್ಟಿ ತೋರಿಸಿ ಕೈಯಾಡಿಸಿದರು. ಕೇಳುತ್ತಿಲ್ಲ. ಅದೇ ಹೊತ್ತಿಗೆ ಮೂರನೇ ಕ್ಯಾಮೆರಾದ ಹುಡುಗ ಓಡಿ ಬಂದು "ಒನ್ನುಂ ಕೇಳ್ಕುನ್ನಿಲ್ಲ" (ಏನೂ ಕೇಳುತ್ತಿಲ್ಲ) ಅಂದ. ಎರಡೂ ಒಂದೇ ತೊಂದರೆ ಅಂದುಕೊಂಡು ನಾವು ಕೇಬಲ್ ಬದಲಿಸಲು ಓಡಿದೆವು. ಹತ್ತು ನಿಮಿಷ ಅದರಲ್ಲೇ ಹೋಯಿತು. ಕೇಬಲ್‌ಗಳು ಸರಿಯಾಗಿಯೇ ಇದ್ದವು. ದೋಷ ಎರಡು ಬೇರೆ ಬೇರೆ ಕಡೆ ಇತ್ತು, ಎರಡೂ ಪೆಟ್ಟಿಗೆಯ ಸ್ವಿಚ್‌ನಲ್ಲೇ ಇತ್ತು.

ಅವತ್ತಿನಿಂದ ನನಗೆ ಒಂದು ರೂಢಿ. ಯಾರಾದರೂ "ಕೇಳುತ್ತಿಲ್ಲ" ಅಂದರೆ ಮೊದಲು ಕೈ ಹಾಕುವುದಿಲ್ಲ, ಕೇಳುತ್ತೇನೆ. ಏನೂ ಕೇಳುತ್ತಿಲ್ಲವಾ? ಭಾಗವತರ ಪದ್ಯ ಕೇಳುತ್ತಿದೆಯಾ? ನಾನು ಗುಂಡಿ ಒತ್ತಿದಾಗ ಚೆಂಡೆ ಸದ್ದು ತಗ್ಗುತ್ತಿದೆಯಾ? ನಿಮ್ಮ ಮಾತು ನಿಮಗೇ ತಿರುಗಿ ಬರುತ್ತಿದೆಯಾ? ಈ ನಾಲ್ಕು ಪ್ರಶ್ನೆಗೆ ಉತ್ತರ ಸಿಕ್ಕಿದರೆ ಅರ್ಧಕ್ಕಿಂತ ಜಾಸ್ತಿ ಕೆಲಸ ಅಲ್ಲೇ ಮುಗಿಯುತ್ತದೆ. ಏಕೆಂದರೆ ಹೆಚ್ಚಿನ ಉತ್ತರಗಳು ಪೆಟ್ಟಿಗೆಯ ಮುಂಫಲಕದ ಮೇಲಿನ ಒಂದೊಂದು ಗುಂಡಿಯ ಕಡೆ ಬೆರಳು ತೋರಿಸುತ್ತವೆ.

ಎರಡು ವ್ಯವಸ್ಥೆ, ಎರಡು ದಾರಿ

ಹೊಸಬರಿಗೆ ಇಲ್ಲೇ ಗೊಂದಲ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕ್ಯಾಮೆರಾದವರು, ಲೈಟಿನವರು, ಆಡಿಯೋದವರು ತಮ್ಮತಮ್ಮಲ್ಲಿ ಮಾತಾಡುವುದು ಇಂಟರ್‌ಕಾಮ್‌ನಲ್ಲಿ. ನಮ್ಮಂಥ ಸಣ್ಣ ತಂಡಗಳ ಹತ್ತಿರ ಇರುವುದು ಹೆಚ್ಚಾಗಿ ಪಾರ್ಟಿಲೈನ್. ಒಂದು ಮೇನ್ ಸ್ಟೇಷನ್, ಅದರಿಂದ ಹೊರಟ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಕೇಬಲ್, ಅದಕ್ಕೆ ಸಾಲಾಗಿ ಸೊಂಟಕ್ಕೆ ಸಿಕ್ಕಿಸುವ ಡಬ್ಬಗಳು, ಅಂದರೆ ಬೆಲ್ಟ್‌ಪ್ಯಾಕ್‌ಗಳು. ಒಬ್ಬರು ಮಾತಾಡಿದರೆ ಎಲ್ಲರಿಗೂ ಕೇಳುತ್ತದೆ, ಬಾವಿಕಟ್ಟೆಯ ಮಾತಿನ ಹಾಗೆ. ಕರೆಂಟೂ ಮಾತೂ ಒಂದೇ ಕೇಬಲ್‌ನಲ್ಲಿ ಹೋಗುತ್ತವೆ.

ಐಎಫ್‌ಬಿ ಬೇರೆ. ಅದು ನಿರೂಪಕರ ಕಿವಿಗೆ ಮಾತ್ರ. ಅವರ ಇಯರ್‌ಪೀಸ್‌ನಲ್ಲಿ ಕಾರ್ಯಕ್ರಮದ ಧ್ವನಿ ಸದಾ ಹರಿಯುತ್ತಿರುತ್ತದೆ. ನಿರ್ದೇಶಕರು ಗುಂಡಿ ಒತ್ತಿದಾಗ ಆ ಧ್ವನಿ ತಗ್ಗುತ್ತದೆ ಅಥವಾ ಪೂರ್ತಿ ನಿಲ್ಲುತ್ತದೆ, ನಡುವೆ ನಿರ್ದೇಶಕರ ಮಾತು ಬರುತ್ತದೆ. ಬೆರಳು ತೆಗೆದರೆ ಮತ್ತೆ ಕಾರ್ಯಕ್ರಮ. ನಿರೂಪಕರು ತಿರುಗಿ ಉತ್ತರ ಕೊಡುವ ಹಾಗಿಲ್ಲ. ನೂರಾರು ಜನರ ಎದುರು ನಿಂತಿರುತ್ತಾರೆ, ಕಿವಿಯೊಳಗೆ ಏನೇ ಆದರೂ ಮುಖದಲ್ಲಿ ತೋರಿಸಬಾರದು. ಅದಕ್ಕೇ ಐಎಫ್‌ಬಿಯ ದೋಷವನ್ನು ನಾನು ಯಾವಾಗಲೂ ಮೊದಲು ನೋಡುತ್ತೇನೆ. ಕ್ಯಾಮೆರಾದವನು ಎರಡು ನಿಮಿಷ ಕಾದಾನು, ಬೇಕಾದರೆ ಫೋನ್ ಮಾಡಿಯಾನು. ಆಕೆಗೆ ಆ ದಾರಿ ಇಲ್ಲ, ಅಲ್ವಾ?

ಚೆಂಡೆ ತಗ್ಗುತ್ತದೆ, ಮಾತು ಬರುವುದಿಲ್ಲ

ಅವತ್ತು ನಿರೂಪಕಿಗೆ ಆದದ್ದು ಇದೇ. ಸಮಾಧಾನವಾಗಿ ಕೇಳಿದಾಗ ಅವರು ಹೇಳಿದ್ದು: "ಪದ್ಯ ಕೇಳ್ತದೆ. ನಡುನಡುವೆ ಸಣ್ಣದಾಗ್ತದೆ. ಆದ್ರೆ ನಿಮ್ಮ ಸ್ವರವೇ ಇಲ್ಲ." ಇಷ್ಟು ಸಾಕು. ಪದ್ಯ ಕೇಳುತ್ತದೆ ಅಂದರೆ ಇಯರ್‌ಪೀಸ್, ಸೊಂಟದ ಡಬ್ಬ, ಕೇಬಲ್, ಪವರ್ ಎಲ್ಲವೂ ಸರಿ. ಸಣ್ಣದಾಗುತ್ತದೆ ಅಂದರೆ ಟಾಕ್ ಗುಂಡಿಯೂ ಕೆಲಸ ಮಾಡುತ್ತಿದೆ. ಉಳಿದದ್ದು ನಿರ್ದೇಶಕರ ಮೈಕ್ ಒಂದೇ. ಫಲಕದಲ್ಲಿ ಮೈಕ್ ಆಯ್ಕೆಯ ಸ್ವಿಚ್ ಹೆಡ್‌ಸೆಟ್ ಕಡೆ ಇತ್ತು, ನಿರ್ದೇಶಕರು ಮಾತಾಡುತ್ತಿದ್ದದ್ದು ಪೆಟ್ಟಿಗೆಯ ಮೇಲೆ ಬಗ್ಗಿಸಿಟ್ಟ ಗೂಸ್‌ನೆಕ್ ಮೈಕ್‌ನಲ್ಲಿ. ಸ್ವಿಚ್ ಆಚೆ ತಳ್ಳಿದೆವು, ಮಾತು ಬಂತು.

ಇದೇ ಲಕ್ಷಣಕ್ಕೆ ಇನ್ನೂ ಎರಡು ಕಾರಣ ಇರಬಹುದು. ಒಂದು, ಮೈಕ್ ಗೇನ್ ಅಥವಾ ಇಂಟರಪ್ಟ್ ಲೆವೆಲ್ (ನಡುವೆ ಬರುವ ಮಾತಿನ ಮಟ್ಟ) ಪೂರ್ತಿ ಕೆಳಗೆ ಇರುವುದು. ಇದು ಕೆಲವು ಪೆಟ್ಟಿಗೆಗಳಲ್ಲಿ ಸ್ಕ್ರೂಡ್ರೈವರ್‌ನಿಂದ ತಿರುಗಿಸುವ ಸಣ್ಣ ತೂತಿನೊಳಗೆ ಇರುತ್ತದೆ, ಕಣ್ಣಿಗೇ ಬೀಳುವುದಿಲ್ಲ. ಇನ್ನೊಂದು, ಹೆಡ್‌ಸೆಟ್ ಮೈಕ್‌ನ ಜಾತಿ. ಡೈನಾಮಿಕ್ ಮೈಕ್ ಸುಮ್ನೆ ಚುಚ್ಚಿದರೆ ಸಾಕು, ಎಲೆಕ್ಟ್ರೆಟ್ ಮೈಕ್‌ಗೆ ಸಣ್ಣ ವೋಲ್ಟೇಜ್ ಬೇಕು. ಕಂಪ್ಯೂಟರ್ ಹೆಡ್‌ಸೆಟ್‌ಗೆ ನಾಲ್ಕು ಪಿನ್ನಿನ ಪ್ಲಗ್ ಬೆಸುಗೆ ಹಾಕಿ ತಂದಿದ್ದರೆ ಕಿವಿಗೆ ಕೇಳುತ್ತದೆ, ಮೈಕ್ ಮಾತ್ರ ಸತ್ತಿರುತ್ತದೆ. ಹೆಡ್‌ಸೆಟ್‌ನ ನಾಲ್ಕು ಪಿನ್‌ನಲ್ಲಿ ಸಾಮಾನ್ಯವಾಗಿ 1 ಮತ್ತು 2 ಮೈಕ್‌ಗೆ, 3 ಮತ್ತು 4 ಕಿವಿಗೆ. ಬೆಸುಗೆ ಹಾಕುವ ಮೊದಲು ನಿಮ್ಮ ಪೆಟ್ಟಿಗೆಯ ಚಿತ್ರ ನೋಡಿಕೊಳ್ಳಿ.

ಮಾತು ಬರುತ್ತದೆ, ಕಾರ್ಯಕ್ರಮ ಇಲ್ಲ

ಇದಕ್ಕೆ ಜಾಸ್ತಿ ಹೊತ್ತು ಬೇಡ. ಆ ಚಾನೆಲ್‌ನ ಪ್ರೋಗ್ರಾಂ ನಾಬ್ ನೋಡಿ, ಯಾವ ಪ್ರೋಗ್ರಾಂ ಇನ್‌ಪುಟ್ ಆಯ್ಕೆಯಾಗಿದೆ ನೋಡಿ. ಎರಡೂ ಸರಿ ಇದ್ದರೆ ಆಡಿಯೋ ಮಿಕ್ಸರ್‌ನಿಂದ ಬರುವ ಆಕ್ಸ್ ತಂತಿಯನ್ನು (ಬೇಕಾದ ಧ್ವನಿಗಳನ್ನಷ್ಟೇ ಬೆರೆಸಿ ಪ್ರತ್ಯೇಕವಾಗಿ ಕಳಿಸುವ ದಾರಿ) ಕಿತ್ತು ಒಂದು ಹೆಡ್‌ಫೋನ್ ಆಂಪ್‌ಗೆ ಹಾಕಿ ಕೇಳಿ. ಅಲ್ಲಿಯೂ ಇಲ್ಲ ಅಂದರೆ ತಪ್ಪು ಮಿಕ್ಸರ್‌ನಲ್ಲಿದೆ, ನಿಮ್ಮ ಪೆಟ್ಟಿಗೆಯಲ್ಲಲ್ಲ.

ಆದರೆ ಒಂದು ವಿಷಯ ಬಿಡಬೇಡಿ. ಕಾರ್ಯಕ್ರಮದ ಧ್ವನಿ ಇದೆ, ಆದರೆ ಯಾವಾಗಲೂ ಸಣ್ಣದಾಗಿದೆ, ಜೊತೆಗೆ ಮೇಜಿನ ಹತ್ತಿರದ ಮಾತೆಲ್ಲ ಕೇಳುತ್ತಿದೆ ಅಂತ ನಿರೂಪಕರು ಹೇಳಿದರೆ ಓಡಿ ಹೋಗಿ ಟಾಕ್ ಗುಂಡಿ ನೋಡಿ. ಲಾಚ್ ಆಗಿರುತ್ತದೆ. ಬಹಳಷ್ಟು ಫಲಕಗಳಲ್ಲಿ ಗುಂಡಿ ಎರಡು ರೀತಿ ನಡೆಯುತ್ತದೆ. ಒತ್ತಿ ಹಿಡಿದರೆ ಹಿಡಿದಷ್ಟು ಹೊತ್ತು ಮಾತ್ರ, ಬಿಟ್ಟರೆ ಬಂದ್. ಬೇಗನೆ ಒಮ್ಮೆ ತಟ್ಟಿದರೆ ಅದು ಆನ್ ಆಗಿ ನಿಂತುಬಿಡುತ್ತದೆ, ಮತ್ತೆ ತಟ್ಟಿದರಷ್ಟೇ ಹೋಗುತ್ತದೆ. ಅವಸರದಲ್ಲಿ "ಹತ್ತು ಸೆಕೆಂಡ್" ಅಂತ ಹೇಳಲು ತಟ್ಟುವ ಕೈ ಬೇಗನೇ ತಟ್ಟುತ್ತದೆ. ಅಲ್ಲಿಂದ ಮುಂದೆ ಯಾರಿಗೆ ಚಾ ಬೇಕು, ಜನರೇಟರ್‌ಗೆ ಡೀಸೆಲ್ ಇದೆಯಾ, ಎಲ್ಲವೂ ಆಕೆಯ ಕಿವಿಗೆ. ಐಎಫ್‌ಬಿ ಗುಂಡಿಗಳಿಗೆ ಲಾಚ್ ಇರಲೇಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅದನ್ನು ಆರಿಸಲು ಪೆಟ್ಟಿಗೆಯ ಒಳಗೆ, ಹಿಂದೆ ಅಥವಾ ಮೆನುವಿನಲ್ಲಿ ವ್ಯವಸ್ಥೆ ಇದ್ದರೆ ಮೊದಲ ದಿನವೇ ಆರಿಸಿಬಿಡಿ. ಇಂಟರ್‌ಕಾಮ್‌ಗೆ ಲಾಚ್ ಇರಲಿ, ಕ್ಯಾಮೆರಾದವರಿಗೆ ಎರಡೂ ಕೈ ಬೇಕು.

ತನ್ನ ಮಾತೇ ತಡವಾಗಿ ಬರುವುದು

ಇದು ನಿರೂಪಕರಿಗೆ ಎಲ್ಲಕ್ಕಿಂತ ಕಷ್ಟದ ದೋಷ. ನಾವು ಆಡಿದ ಮಾತು ಸುಮಾರು 0.2 ಸೆಕೆಂಡ್ ತಡವಾಗಿ ನಮ್ಮದೇ ಕಿವಿಗೆ ಬಿದ್ದರೆ ನಾಲಿಗೆ ತೊಡರುತ್ತದೆ. ಎಷ್ಟೇ ಅನುಭವ ಇದ್ದರೂ ಸರಿ. ಅರ್ಥಧಾರಿಗಳನ್ನು ಮಾತಾಡಿಸಲು ಕೂರಿಸಿದಾಗಲೂ ಹಾಗೇ ಆಗಿದೆ, ತಾಳಮದ್ದಳೆಯಲ್ಲಿ ಗಂಟೆಗಟ್ಟಲೆ ನಿರರ್ಗಳ ಮಾತಾಡುವವರು ಎರಡನೇ ವಾಕ್ಯಕ್ಕೇ ನಿಲ್ಲಿಸಿ ಇಯರ್‌ಪೀಸ್ ಕಿತ್ತರು. ತಪ್ಪು ಅವರದ್ದಲ್ಲ.

ಇದಕ್ಕೆ ಫಲಕದ ಯಾವ ಗುಂಡಿಯೂ ಮದ್ದಲ್ಲ, ವಾಲ್ಯೂಮ್ ತಗ್ಗಿಸಿದರೆ ನೋವು ತಗ್ಗುತ್ತದೆ ಅಷ್ಟೇ. ಅವರಿಗೆ ಹೋಗುವ ಪ್ರೋಗ್ರಾಂನಲ್ಲಿ ಅವರದೇ ಮೈಕ್ ಇರಬಾರದು. ಇದಕ್ಕೆ ಮಿಕ್ಸ್-ಮೈನಸ್ ಅನ್ನುತ್ತಾರೆ. ಮಿಕ್ಸರ್‌ನ ಒಂದು ಆಕ್ಸ್ ಸೆಂಡ್ ಪೂರ್ತಿ ಅವರಿಗೆ ಮೀಸಲಿಡಿ, ಅದರಲ್ಲಿ ಭಾಗವತರು, ಚೆಂಡೆ, ಮದ್ದಳೆ, ವೇಷಧಾರಿಗಳ ಮೈಕ್, ವಿಡಿಯೋ ಧ್ವನಿ ಎಲ್ಲ ಏರಿಸಿ, ನಿರೂಪಕರ ಮೈಕ್‌ನ ನಾಬ್ ಮಾತ್ರ ಸೊನ್ನೆಗೆ. ದೂರದ ಸ್ಟುಡಿಯೋದಿಂದ ಫೋನ್ ಅಥವಾ ಇಂಟರ್ನೆಟ್ ಮೂಲಕ ಧ್ವನಿ ಬರುತ್ತಿದ್ದರೆ ಆ ಕಡೆಯವರೂ ಇದನ್ನೇ ಮಾಡಬೇಕು, ನಮ್ಮ ಕಡೆಯಿಂದ ಹೋದ ಧ್ವನಿಯನ್ನು ಬಿಟ್ಟು ಉಳಿದದ್ದನ್ನು ಕಳಿಸಬೇಕು. ಯಾರ ಕಡೆ ತಪ್ಪು ಅಂತ ತಿಳಿಯಲು ಸುಲಭದ ದಾರಿ ಇದೆ. ಆ ದೂರದ ಧ್ವನಿಯ ಚಾನೆಲ್ ಅನ್ನು ನಮ್ಮ ಆಕ್ಸ್‌ನಲ್ಲಿ ಒಂದು ಕ್ಷಣ ಸೊನ್ನೆ ಮಾಡಿ. ಪ್ರತಿಧ್ವನಿ ಹೋದರೆ ತಪ್ಪು ಅವರ ಕಡೆ, ಹೋಗದಿದ್ದರೆ ನಮ್ಮ ಮಿಕ್ಸರ್‌ನಲ್ಲೇ ಹುಡುಕಿ.

ನಿಜಕ್ಕೂ ಏನೂ ಕೇಳುತ್ತಿಲ್ಲ

ಆಗ ಕಿವಿಯಿಂದ ಶುರು ಮಾಡಿ ಹಿಂದಕ್ಕೆ ಬನ್ನಿ. ಮೊದಲು ಇಯರ್‌ಪೀಸ್. ಪಾರದರ್ಶಕ ಸುರುಳಿ ಕೊಳವೆ ಇರುವಂಥದ್ದಾದರೆ ಕೊಳವೆ ಬಿಚ್ಚಿ ಬೆಳಕಿಗೆ ಹಿಡಿದು ನೋಡಿ. ನಮ್ಮ ಕಡಲ ಬದಿಯ ಸೆಕೆಯಲ್ಲಿ ಬೆವರ ಹನಿ ಒಳಗೆ ನಿಂತಿರುತ್ತದೆ, ತುದಿಯಲ್ಲಿ ಕಿವಿಯ ಕುಗ್ಗೆ ಕಟ್ಟಿರುತ್ತದೆ, ಧ್ವನಿ ಅಲ್ಲೇ ನಿಂತುಹೋಗುತ್ತದೆ. ಎಲೆಕ್ಟ್ರಾನಿಕ್ಸ್ ಪೂರ್ತಿ ಸರಿ ಇದ್ದರೂ ಮೌನ. ಕೊಳವೆ ತೊಳೆದು ಊದಿ ಒಣಗಿಸಿ, ಒಬ್ಬರಿಗೆ ಒಂದರಂತೆ ಬೇರೆ ಇಡಿ. ಆಮೇಲೆ ಪ್ಲಗ್. ಸ್ಟೀರಿಯೋ ಜಾಕ್‌ಗೆ ಮೋನೋ ಪ್ಲಗ್ ಚುಚ್ಚಿದರೆ ಒಂದು ಕಡೆಯ ಧ್ವನಿ ನೆಲಕ್ಕೆ ಶಾರ್ಟ್ ಆಗುತ್ತದೆ. ಆಮೇಲೆ ಸೊಂಟದ ಡಬ್ಬದ ವಾಲ್ಯೂಮ್, ಆಮೇಲೆ ಕೇಬಲ್.

ಉದ್ದ ಕೇಬಲ್ ಇದ್ದರೆ ಒಂದೊಂದಾಗಿ ಬದಲಿಸುತ್ತಾ ಕೂರಬೇಡಿ. ಸೊಂಟದ ಡಬ್ಬವನ್ನು ಮೇಜಿನ ಹತ್ತಿರ ತಂದು ಗಿಡ್ಡ ಕೇಬಲ್‌ನಲ್ಲಿ ನೇರ ಪೆಟ್ಟಿಗೆಗೆ ಹಾಕಿ. ಕೇಳಿದರೆ ಪೆಟ್ಟಿಗೆ ಸರಿ, ದೋಷ ದಾರಿಯಲ್ಲಿ. ಆಗ ದಾರಿಯನ್ನು ನಡುವಿನಲ್ಲಿ ಕಡಿದು ನೋಡಿ, ಮತ್ತೆ ಆ ಅರ್ಧದ ನಡುವಿನಲ್ಲಿ. ಎಂಟು ತುಂಡು ಜೋಡಿಸಿದ್ದರೂ ಮೂರೇ ಸಲದಲ್ಲಿ ಕೆಟ್ಟ ತುಂಡು ಸಿಗುತ್ತದೆ.

ಪೆಟ್ಟಿಗೆಯಲ್ಲೇ ಆ ಲೈನ್‌ನ ದೀಪ ಆರಿದ್ದರೆ ಅಥವಾ ಓವರ್‌ಲೋಡ್ ದೀಪ ಕೆಂಪಾಗಿದ್ದರೆ ಎಲ್ಲೋ ಶಾರ್ಟ್ ಆಗಿದೆ. ಆ ಲೈನ್‌ನ ಎಲ್ಲ ಪ್ಲಗ್ ಕಿತ್ತು, ದೀಪ ಸರಿಯಾದ ಮೇಲೆ ಒಂದೊಂದೇ ಜೋಡಿಸಿ. ಯಾವುದು ಹಾಕಿದಾಗ ಮತ್ತೆ ಕೆಂಪಾಯಿತೋ ಅದೇ.

ಇಲ್ಲಿ ಒಂದು ಎಚ್ಚರಿಕೆ. ಪಾರ್ಟಿಲೈನ್ ಕೇಬಲ್ ಮತ್ತು ಮೈಕ್ ಕೇಬಲ್ ನೋಡಲು ಒಂದೇ. ಕ್ಲಿಯರ್-ಕಾಮ್ ಕಂಪನಿಯ ಬಗೆಯ ಲೈನ್‌ನಲ್ಲಿ 1ನೇ ಪಿನ್ ನೆಲ, 2ನೇ ಪಿನ್‌ನಲ್ಲಿ ಸುಮಾರು 30 ವೋಲ್ಟ್ ಡಿಸಿ, 3ನೇ ಪಿನ್‌ನಲ್ಲಿ ಮಾತು. ಅದನ್ನು ಕತ್ತಲಲ್ಲಿ ಮಿಕ್ಸರ್‌ನ ಮೈಕ್ ಇನ್‌ಪುಟ್‌ಗೆ ಚುಚ್ಚಿದರೆ ಮಿಕ್ಸರ್ ಕೆಡಬಹುದು. ಇಂಟರ್‌ಕಾಮ್ ಕೇಬಲ್‌ಗಳ ಎರಡೂ ತುದಿಗೆ ಹಳದಿ ಟೇಪ್ ಸುತ್ತಿ, ಅದು ಬೇರೆ ಯಾವುದಕ್ಕೂ ಬೇಡ. ಇನ್ನೊಂದು ಬಗೆಯ ವ್ಯವಸ್ಥೆಯಲ್ಲಿ, ಆರ್‌ಟಿಎಸ್ ಕಂಪನಿಯದ್ದರಲ್ಲಿ, 2ನೇ ಪಿನ್‌ನಲ್ಲಿ ಪವರ್ ಜೊತೆಗೇ ಒಂದನೇ ಚಾನೆಲ್ ಮಾತು, 3ರಲ್ಲಿ ಎರಡನೇ ಚಾನೆಲ್. ಎರಡು ತಂಡದವರು ಸೇರಿ ಕೆಲಸ ಮಾಡುವಾಗ ಅವರ ಬೆಲ್ಟ್‌ಪ್ಯಾಕ್ ನಮ್ಮ ಲೈನ್‌ಗೆ ಹಾಕಿದರೆ ದೀಪ ಹತ್ತುತ್ತದೆ, ಒಂದನೇ ಚಾನೆಲ್‌ನಲ್ಲಿ ಮಾತ್ರ ಏನೂ ಇರುವುದಿಲ್ಲ. ಬೆಲ್ಟ್‌ಪ್ಯಾಕ್ ಹಾಳಾಗಿದೆ ಅಂತ ಬಿಚ್ಚಬೇಡಿ.

ಮೂರನೇ ಕ್ಯಾಮೆರಾದ ಹುಡುಗ

ಅವನದ್ದು ಪೂರ್ತಿ ಮೌನ ಆಗಿರಲಿಲ್ಲ. ಅವನು ಚೆಂಡೆಯ ಪಕ್ಕದಲ್ಲೇ ನಿಂತಿದ್ದ. ಲೈನ್‌ನಲ್ಲಿ ಎಲ್ಲರಿಗೂ ಧ್ವನಿ ತಗ್ಗಿತ್ತು. ಉಳಿದವರು ತಮ್ಮ ನಾಬ್ ಏರಿಸಿಕೊಂಡು ಸುಮ್ಮನಿದ್ದರು, ಚೆಂಡೆಯ ಅಬ್ಬರದಲ್ಲಿ ಅವನೊಬ್ಬನಿಗೆ ಅದು ಸಾಲಲಿಲ್ಲ. ಅಂದರೆ ಒಬ್ಬನ ದೂರು ಇಡೀ ಲೈನ್‌ನ ದೋಷ. ಅದಕ್ಕೇ ಒಬ್ಬರು ದೂರಿದರೆ ಉಳಿದವರನ್ನೂ ಕೇಳಬೇಕು: ನಿಮ್ಮ ನಾಬ್ ಎಷ್ಟರಲ್ಲಿದೆ? ಎಲ್ಲರದ್ದೂ ಮೇಲೆ ಇದ್ದರೆ ಬೆಲ್ಟ್‌ಪ್ಯಾಕ್ ಬಿಡಿ, ಟರ್ಮಿನೇಷನ್ ನೋಡಿ.

ಟರ್ಮಿನೇಷನ್ ಅಂದರೆ ಲೈನ್‌ಗೆ ಹಾಕುವ 200 ಓಮ್‌ನ ಒಂದು ಲೋಡ್. ಸಾಮಾನ್ಯವಾಗಿ ಮೇನ್ ಸ್ಟೇಷನ್ ಅಥವಾ ಪವರ್ ಸಪ್ಲೈಯಲ್ಲೇ ಇರುತ್ತದೆ, ಹಿಂದೆ ಸ್ವಿಚ್ ಇರುತ್ತದೆ. ಒಂದು ಲೈನ್‌ಗೆ ಒಂದೇ ಇರಬೇಕು. ಎಷ್ಟು ಬೆಲ್ಟ್‌ಪ್ಯಾಕ್ ಸೇರಿಸಿದರೂ ಧ್ವನಿ ಒಂದೇ ಮಟ್ಟದಲ್ಲಿ ನಿಲ್ಲುವುದು ಇದರಿಂದಲೇ. ಅವತ್ತು ನಾವು ಬೇರೆಯವರಿಂದ ಒಂದು ಪವರ್ ಸಪ್ಲೈ ತಂದು ಸೇರಿಸಿದ್ದೆವು, ಅದರ ಟರ್ಮಿನೇಷನ್ ಸ್ವಿಚ್ ಕೂಡ ಆನ್ ಇತ್ತು. ಎರಡು ಸೇರಿ 100 ಓಮ್ ಆಗುತ್ತದೆ, ಧ್ವನಿ ಮಟ್ಟ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಒಂದನ್ನು ಆರಿಸಿದ ಕೂಡಲೇ ಹುಡುಗ ಹೆಬ್ಬೆರಳು ತೋರಿಸಿದ, ಆಚೆ ಲೈಟಿನವನು ನಾಬ್ ತಗ್ಗಿಸದೆ ಇದ್ದದ್ದರಿಂದ ಕಿವಿ ಹಿಡಿದುಕೊಂಡ.

ಇದರ ಉಲ್ಟಾ ಕೂಡ ಆಗುತ್ತದೆ. ಟರ್ಮಿನೇಷನ್ ಎಲ್ಲೂ ಇಲ್ಲದಿದ್ದರೆ ಧ್ವನಿ ವಿಪರೀತ ಏರುತ್ತದೆ, ಕೀ ಅಂತ ಕೂಗುತ್ತದೆ, ಒಬ್ಬರ ಮಾತು ಮುಗಿದ ಮೇಲೂ ಕೊಡದಲ್ಲಿ ಮಾತಾಡಿದ ಹಾಗೆ ಬಾಲ ಎಳೆಯುತ್ತದೆ. ಕೂಗು ಬಂದ ಕೂಡಲೇ ಎಲ್ಲರೂ ಸೈಡ್‌ಟೋನ್ ತಿರುಗಿಸಲು ಹೋಗುತ್ತಾರೆ. ಬೇಡ, ಮೊದಲು ಟರ್ಮಿನೇಷನ್ ಒಂದೇ ಇದೆ ಅಂತ ಖಾತ್ರಿ ಮಾಡಿ. ಸೈಡ್‌ಟೋನ್ ಅಂದರೆ ನಿಮ್ಮ ಮಾತು ನಿಮ್ಮ ಹೆಡ್‌ಸೆಟ್‌ನಲ್ಲಿ ಎಷ್ಟು ಕೇಳಬೇಕು ಅನ್ನುವ ಹೊಂದಾಣಿಕೆ. ಹೆಡ್‌ಸೆಟ್‌ನಲ್ಲಿ ಸ್ವಲ್ಪ ಇದ್ದರೆ ಒಳ್ಳೆಯದು, ಸ್ಪೀಕರ್ ಮತ್ತು ಗೂಸ್‌ನೆಕ್ ಬಳಸುವ ಸ್ಟೇಷನ್‌ನಲ್ಲಿ ಆದಷ್ಟು ಕಡಿಮೆ ಮಾಡಬೇಕು, ಇಲ್ಲದಿದ್ದರೆ ಅದೇ ಕೂಗುತ್ತದೆ. ಸರಿಪಡಿಸುವಾಗ ಉಳಿದವರೆಲ್ಲ ಮೈಕ್ ಆಫ್ ಮಾಡಿರಲಿ, ನೀವು ಮಾತಾಡುತ್ತಾ ಸೈಡ್‌ಟೋನ್‌ನ ಟ್ರಿಮ್ ನಾಬ್ ನಿಧಾನ ತಿರುಗಿಸಿ. ಒಂದು ಜಾಗದಲ್ಲಿ ನಿಮ್ಮ ಸ್ವರ ತಗ್ಗಿ ಮತ್ತೆ ಏರುತ್ತದೆ, ಆ ತಗ್ಗೇ ಬೇಕಾದ ಜಾಗ. ಕೇಬಲ್ ಉದ್ದ ಬದಲಾದರೆ ಇದು ಮತ್ತೆ ಮಾಡಬೇಕು, ಹಾಗಾಗಿ ಕುಂಬಳೆಯಲ್ಲಿ ಸರಿ ಇದ್ದದ್ದು ಮುಳ್ಳೇರಿಯದಲ್ಲಿ ಕೂಗಿದರೆ ಆಶ್ಚರ್ಯ ಇಲ್ಲ.

ಲೈನ್‌ನ ಕೊನೆಯವನಿಗೆ ಮಾತ್ರ ಸ್ವರ ಹರಿದ ಹಾಗೆ ಕೇಳಿದರೆ, ಕಾಲ್ ದೀಪ (ಕರೆ ಬಂದಾಗ ಹೊಳೆಯುವ ದೀಪ) ಮಂಕಾಗಿದ್ದರೆ, ಅಲ್ಲಿ 1 ಮತ್ತು 2ನೇ ಪಿನ್ ನಡುವೆ ಮಲ್ಟಿಮೀಟರ್ ಇಟ್ಟು ಡಿಸಿ ವೋಲ್ಟೇಜ್ ನೋಡಿ. ಮೇಜಿನ ಹತ್ತಿರ 30 ಇದ್ದು ಅಲ್ಲಿ ತುಂಬಾ ಇಳಿದಿದ್ದರೆ ಕೇಬಲ್ ತೆಳ್ಳಗಿದೆ, ಅಥವಾ ಒಂದೇ ಸಾಲಿನಲ್ಲಿ ಜಾಸ್ತಿ ಬೆಲ್ಟ್‌ಪ್ಯಾಕ್ ಇವೆ. ಎರಡು ಕವಲು ಮಾಡಿ.

ಗುಂಯ್ ಸದ್ದು

ಜಾತ್ರೆಯ ಮಾಲೆ ದೀಪದ ವಯರ್ ಜೊತೆ ನಮ್ಮ ಕೇಬಲ್ ಒಟ್ಟಿಗೆ ಹೋಗಿದ್ದರೆ ದೂರ ಸರಿಸಿ, ದಾಟಲೇಬೇಕಾದಲ್ಲಿ ಅಡ್ಡಲಾಗಿ ದಾಟಿಸಿ. ಮಿಕ್ಸರ್ ಜನರೇಟರ್‌ನಲ್ಲಿ, ಇಂಟರ್‌ಕಾಮ್ ದೇವಸ್ಥಾನದ ಪ್ಲಗ್‌ನಲ್ಲಿ ಇದ್ದರೆ 50 ಹರ್ಟ್ಜ್ ಗುಂಯ್ ಬರುವುದು ಸಹಜ, ಒಂದೇ ಕಡೆಯಿಂದ ಕರೆಂಟ್ ತೆಗೆಯಿರಿ. ಪ್ರೋಗ್ರಾಂ ತಂತಿಗೆ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಬಹುದು. ಪಾರ್ಟಿಲೈನ್ ಮೇಲೆ ಹಾಕಬೇಡಿ, ಅದು ಡಿಸಿಯನ್ನೇ ತಡೆಯುತ್ತದೆ. ಪ್ಲಗ್‌ನ ಅರ್ಥ್ ಪಿನ್ ಮುರಿದು ಸದ್ದು ನಿಲ್ಲಿಸುವುದನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಇಬ್ಬನಿ ಬಿದ್ದ ಗದ್ದೆಯಲ್ಲಿ ಬರಿಗಾಲಲ್ಲಿ ನಿಂತ ಹುಡುಗನ ತಲೆಯ ಮೇಲೆ ಆ ಹೆಡ್‌ಸೆಟ್ ಇರುತ್ತದೆ.

ಮೊದಲೇ ಮಾಡಿಡುವುದು

ಈಗ ನಾವು ಪ್ರತಿ ಪೆಟ್ಟಿಗೆಯ ಮುಂಫಲಕದ ಮೇಲೆ ಬಿಳಿ ಟೇಪ್ ಅಂಟಿಸಿ ನಾಬ್ ಎಲ್ಲಿ ನಿಲ್ಲಬೇಕು ಅಂತ ಗೀಟು ಹಾಕಿದ್ದೇವೆ. ಏನಾದರೂ ಕೆಟ್ಟಿತು ಅಂದರೆ ಮೊದಲು ಎಲ್ಲವನ್ನೂ ಗೀಟಿಗೆ ತರುತ್ತೇವೆ, ಎಷ್ಟೋ ಸಲ ಅಲ್ಲೇ ಸರಿಯಾಗುತ್ತದೆ. ಆಟ ಶುರುವಾಗುವ ಅರ್ಧ ಗಂಟೆ ಮೊದಲು ನಿರೂಪಕರಿಗೆ ಒಂದು ಊರಿನ ಹೆಸರು ಕಿವಿಯಲ್ಲಿ ಹೇಳುತ್ತೇವೆ, ಅವರು ಅದನ್ನು ಮೈಕ್‌ನಲ್ಲಿ ಹೇಳಬೇಕು. "ಕೇಳ್ತಾ?" ಅಂತ ಕೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ. "ಮಂಜೇಶ್ವರ" ಅಂತ ತಿರುಗಿ ಬಂದರೆ ನಿಜಕ್ಕೂ ಕೇಳಿದೆ. ಚೆಂಡೆ ಬಾರಿಸುವಾಗ ಒಮ್ಮೆ, ನಿಂತಾಗ ಒಮ್ಮೆ.

ಲೈನ್‌ನಲ್ಲಿ ಆಡುವ ಮಾತನ್ನೂ ಮೊದಲೇ ಒಪ್ಪಿಕೊಳ್ಳಿ. ನಮ್ಮ ಲೈನ್‌ನಲ್ಲಿ ಕನ್ನಡ, ಮಲಯಾಳ, ತುಳು ಮೂರೂ ಓಡುತ್ತವೆ, ಅದು ನಮ್ಮ ಊರಿನ ಚೆಂದ. ಆದರೆ ಕ್ಯಾಮೆರಾ ನಂಬರ್ ಮಾತ್ರ ಎಲ್ಲರಿಗೂ ಒಂದೇ ರೀತಿ ಇರಲಿ. "ರೆಡಿ ಟೂ, ಟೇಕ್ ಟೂ" ಸಾಕು. ಮಾತು ಅರ್ಥವಾಗದ್ದನ್ನೂ ಹುಡುಗರು "ಕೇಳಲಿಲ್ಲ" ಅಂತಲೇ ಹೇಳುತ್ತಾರೆ, ನಾವು ಯಂತ್ರದಲ್ಲಿ ಹುಡುಕುತ್ತಿರುತ್ತೇವೆ.

ಮಳೆಗಾಲಕ್ಕೆ ಮೇಳಗಳು ತಿರುಗಾಟ ಮುಗಿಸಿದ ಮೇಲೆ ಪೆಟ್ಟಿಗೆಗಳನ್ನು ಹಾಗೇ ಅಟ್ಟಕ್ಕೆ ಹಾಕಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವಕ್ಕೆ ಎಕ್ಸ್‌ಎಲ್‌ಆರ್ ಪಿನ್ನುಗಳು ಕಿಲುಬುತ್ತವೆ, ನಾಬ್ ತಿರುಗಿಸಿದರೆ ಚರಚರ ಅನ್ನುತ್ತದೆ, ಗುಂಡಿ ಎರಡು ಸಲ ಒತ್ತಿದರಷ್ಟೇ ಹತ್ತುತ್ತದೆ. ಪಿನ್‌ಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ನಾಬ್‌ಗೆ ಒಂದು ಹನಿ ಕಾಂಟ್ಯಾಕ್ಟ್ ಕ್ಲೀನರ್ ಬಿಟ್ಟು ಇಪ್ಪತ್ತು ಸಲ ಆಚೆ ಈಚೆ ತಿರುಗಿಸಿ, ಸಿಲಿಕಾ ಜೆಲ್ ಹಾಕಿ ಮುಚ್ಚಿಡಿ. ತಿಂಗಳಿಗೊಮ್ಮೆ ಹೊರಗೆ ತೆಗೆದು, ಒಂದು ಗಂಟೆ ಕರೆಂಟ್ ಕೊಟ್ಟು, ಇಬ್ಬರು ಎರಡು ಕೋಣೆಯಲ್ಲಿ ಕೂತು ಮಾತಾಡಿ. ಪ್ರತಿ ಗುಂಡಿಯನ್ನೂ ಒತ್ತಿ ನೋಡಿ, ಯಾವುದು ಬಿಗಿಯಾಗಿದೆಯೋ ಅದಕ್ಕೆ ಆಗಲೇ ಚೀಟಿ ಅಂಟಿಸಿ.